ಮೀಟರ್ ಕೂಗಿತು, ಕೆಲಸ ನಿಲ್ಲಲಿಲ್ಲ: ಫುಕುಶಿಮಾದ ಒಂದು ಪ್ರಕರಣ ಅಧ್ಯಯನ

ಅಣು ವಿದ್ಯುತ್ ಸ್ಥಾವರದ ಕೆಲಸಗಾರ ಅಂದ ಕೂಡಲೇ ಕಣ್ಣ ಮುಂದೆ ಬರುವುದು ಮೈತುಂಬ ಬಿಳಿ ಉಡುಪು, ಮುಖ ಪೂರ್ತಿ ಮುಚ್ಚುವ ಮಾಸ್ಕ್, ಎರಡೆರಡು ಜೊತೆ ಕೈಗವಸು. ಇಷ್ಟೆಲ್ಲ ಹಾಕಿಕೊಂಡ ಮೇಲೆ ವಿಕಿರಣ ಏನೂ ಮಾಡೋದಿಲ್ಲ ಅಂತ ಬಹಳ ಜನ ನಂಬಿದ್ದಾರೆ. ಎದೆಯ ಮೇಲಿರುವ, ಮೈಗೆ ಬಿದ್ದ ವಿಕಿರಣ ಅಳೆಯುವ ಪುಟ್ಟ ಡೋಸಿಮೀಟರ್ ಕಡೆ ಯಾರೂ ಅಷ್ಟಾಗಿ ಗಮನ ಕೊಡೋದಿಲ್ಲ. ಉಡುಪು ಕಾಪಾಡುತ್ತದೆ, ಮೀಟರ್ ಸುಮ್ನೆ ಲೆಕ್ಕ ಬರೆದುಕೊಳ್ಳುತ್ತದೆ ಅನ್ನುವ ಭಾವನೆ.

2011ರ ಮಾರ್ಚ್ 24ರಂದು ಜಪಾನಿನ ಫುಕುಶಿಮಾ ದಾಯಿಚಿ ಸ್ಥಾವರದಲ್ಲಿ ಮೂವರು ಕೆಲಸಗಾರರಿಗೆ ಆದದ್ದನ್ನು ನೋಡಿದರೆ ಈ ಭಾವನೆ ಎಷ್ಟು ಅಪಾಯದ್ದು ಅಂತ ತಿಳಿಯುತ್ತದೆ. ಅವರ ಬಳಿ ಉಡುಪೂ ಇತ್ತು, ಮೀಟರೂ ಇತ್ತು. ಮೀಟರ್ ಸರಿಯಾಗಿಯೇ ಕೆಲಸ ಮಾಡಿತು, ಅಲಾರಂ ಕೂಗಿತು. ಆದರೂ ಅವರು ಅಲ್ಲಿಂದ ಹೊರಗೆ ಬರಲಿಲ್ಲ. ಯಾಕೆ ಬರಲಿಲ್ಲ ಅನ್ನುವುದೇ ಈ ಬರಹದ ವಿಷಯ. ಆ ಮೂವರ ಹೆಸರಾಗಲಿ, ಅವರನ್ನು ಕೆಲಸಕ್ಕೆ ಕಳಿಸಿದ ಗುತ್ತಿಗೆ ಸಂಸ್ಥೆಯ ಹೆಸರಾಗಲಿ ಇಲ್ಲಿ ಬೇಕಿಲ್ಲ.

ಹಿನ್ನೆಲೆ

ಮಾರ್ಚ್ 11ರಂದು 9.0 ತೀವ್ರತೆಯ ಭೂಕಂಪ ಆಯಿತು. ಒಂದು ಗಂಟೆಯೊಳಗೆ ಸುನಾಮಿ ಬಂತು. ಒಂದರಿಂದ ನಾಲ್ಕನೇ ಘಟಕಗಳು ನಿಂತಿದ್ದ ನೆಲ ಸಮುದ್ರ ಮಟ್ಟದಿಂದ ಸುಮಾರು 10 ಮೀಟರ್ ಎತ್ತರದಲ್ಲಿತ್ತು. ನೀರು ಅದಕ್ಕಿಂತ ನಾಲ್ಕೈದು ಮೀಟರ್ ಮೇಲೆ ಏರಿತು. ತುರ್ತು ಜನರೇಟರ್‌ಗಳು, ಸ್ವಿಚ್ ಬೋರ್ಡ್‌ಗಳು ಮುಳುಗಿದವು. ಕರೆಂಟಿಲ್ಲದೆ ಪಂಪುಗಳು ನಿಂತವು, ರಿಯಾಕ್ಟರ್‌ಗಳಲ್ಲಿ ಇಂಧನ ಕರಗಿತು. ಮೂರನೇ ಘಟಕದ ಕಟ್ಟಡ ಮಾರ್ಚ್ 14ರ ಬೆಳಿಗ್ಗೆ ಹೈಡ್ರೋಜನ್ ಸ್ಫೋಟಕ್ಕೆ ಸಿಕ್ಕಿತು.

ಈ ಕಥೆ ಬಹಳ ಜನರಿಗೆ ಗೊತ್ತಿದೆ. ಕಡಿಮೆ ಜನಕ್ಕೆ ಗೊತ್ತಿರುವ ವಿಷಯ ಏನೆಂದರೆ, ಸುನಾಮಿ ಡೋಸಿಮೀಟರ್‌ಗಳನ್ನೂ ಮುಳುಗಿಸಿತು. ಸ್ಥಾವರದಲ್ಲಿ ಅಲಾರಂ ಇರುವ ಎಲೆಕ್ಟ್ರಾನಿಕ್ ಮೀಟರ್‌ಗಳು ಸುಮಾರು 5,000 ಇದ್ದವು. ಬಳಕೆಗೆ ಉಳಿದವು 320ರಷ್ಟು. ಯಾರು ಎಷ್ಟು ಡೋಸ್ (ಮೈಗೆ ಬಿದ್ದ ವಿಕಿರಣದ ಪ್ರಮಾಣ) ಪಡೆದರು ಅಂತ ದಾಖಲಿಸುವ ಕಂಪ್ಯೂಟರ್ ವ್ಯವಸ್ಥೆಯೂ ಕೈಕೊಟ್ಟಿತು. ಕಾಗದದ ಮೇಲೆ ಹೆಸರು, ಅಂಕಿ ಬರೆದುಕೊಳ್ಳಬೇಕಾಯಿತು. ವಿಕಿರಣ ಕಡಿಮೆ ಅಂತ ಅಂದಾಜಿಸಿದ ಕೆಲಸಗಳಿಗೆ ಇಡೀ ಗುಂಪಿಗೆ ಒಂದೇ ಮೀಟರ್ ಕೊಟ್ಟು ಕಳಿಸಿದರು. ಗುಂಪಿನ ನಾಯಕ ಅದನ್ನು ಹಾಕಿಕೊಳ್ಳುತ್ತಿದ್ದ, ಉಳಿದವರಿಗೂ ಅದೇ ಅಂಕಿ ಬರೆಯುತ್ತಿದ್ದರು. ಮಾರ್ಚ್ ಕೊನೆಯವರೆಗೂ ಹೀಗೇ ನಡೆಯಿತು.

ಇದು ಬರೀ ಅಂಕಿಯ ಸಮಸ್ಯೆ ಅಲ್ಲ. ವಿಕಿರಣ ಒಂದೇ ಕೋಣೆಯಲ್ಲೂ ಒಂದೇ ಸಮ ಇರೋದಿಲ್ಲ. ಒಬ್ಬ ಪೈಪಿನ ಪಕ್ಕ ನಿಂತಿದ್ದರೆ, ಇನ್ನೊಬ್ಬ ನಾಲ್ಕು ಹೆಜ್ಜೆ ದೂರದ ಗೋಡೆಯ ಮರೆಯಲ್ಲಿದ್ದರೆ ಇಬ್ಬರ ಡೋಸ್ ನಡುವೆ ಹಲವು ಪಟ್ಟು ವ್ಯತ್ಯಾಸ ಇರಬಹುದು. ಅದಕ್ಕೇ ಅಲ್ವಾ ಮೀಟರನ್ನು ಗೋಡೆಗೆ ತೂಗುಹಾಕದೆ ಮೈಮೇಲೆ ಹಾಕುವುದು? ಒಬ್ಬರದನ್ನು ನೋಡಿ ಇನ್ನೊಬ್ಬರದನ್ನು ಊಹಿಸುವ ಅಭ್ಯಾಸ ಶುರುವಾದರೆ, ಮೀಟರ್ ಹೇಳುವ ಮಾತಿಗೆ ಇರುವ ತೂಕವೇ ಇಳಿದುಹೋಗುತ್ತದೆ. ಆ ಎರಡು ವಾರಗಳಲ್ಲಿ ಅಲ್ಲಿ ಹಾಗೆಯೇ ಆಗಿತ್ತು ಅನ್ನುವುದು ನನ್ನ ಅನಿಸಿಕೆ.

ಇನ್ನೊಂದು ಬದಲಾವಣೆಯೂ ಆಗಿತ್ತು. ತುರ್ತು ಕೆಲಸಕ್ಕೆ ಇದ್ದ 100 ಮಿಲಿಸೀವರ್ಟ್ (ಡೋಸ್ ಅಳೆಯುವ ಏಕಮಾನ) ಮಿತಿಯನ್ನು ಜಪಾನ್ ಸರ್ಕಾರ ಈ ಅಪಘಾತದ ಮಟ್ಟಿಗೆ 250ಕ್ಕೆ ಏರಿಸಿತ್ತು. ಬೇರೆ ದಾರಿ ಇರಲಿಲ್ಲ ಅನ್ನುವುದು ನಿಜ. ಆದರೆ ಮಿತಿ ಏರಿದಾಗ 20 ಮಿಲಿಸೀವರ್ಟ್ ಅನ್ನುವ ಅಂಕಿ ತಾನಾಗಿಯೇ ಚಿಕ್ಕದಾಗಿ ಕಾಣಿಸುತ್ತದೆ. ಇದನ್ನು ನೆನಪಿನಲ್ಲಿಡಿ.

ಉಡುಪಿನ ಕೆಲಸ ಬೇರೆ, ಮೀಟರಿನ ಕೆಲಸ ಬೇರೆ

ಪ್ರಕರಣಕ್ಕೆ ಹೋಗುವ ಮುಂಚೆ ಇದೊಂದು ಸ್ಪಷ್ಟವಾಗಬೇಕು. ಬಿಳಿ ಕವರಾಲ್ ಮಾಡುವ ಕೆಲಸ ಒಂದೇ. ವಿಕಿರಣ ಸೂಸುವ ಧೂಳು, ಹನಿ, ಕೊಳೆ ಚರ್ಮಕ್ಕೆ ಅಂಟದ ಹಾಗೆ ತಡೆಯುವುದು. ಹೊರಗೆ ಬಂದ ಮೇಲೆ ಬಟ್ಟೆ ಕಳಚಿದರೆ ಕೊಳೆಯೂ ಹೋಯಿತು. ಮಾಸ್ಕ್ ಆ ಧೂಳು ಉಸಿರಿನ ಜೊತೆ ಒಳಗೆ ಹೋಗದ ಹಾಗೆ ನೋಡಿಕೊಳ್ಳುತ್ತದೆ. ಮೈಯನ್ನೇ ತೂರಿ ಹೋಗುವ ಗಾಮಾ ಕಿರಣಕ್ಕೆ ಮಾತ್ರ ಆ ತೆಳು ಬಟ್ಟೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅದನ್ನು ತಡೆಯಲು ದಪ್ಪ ಸೀಸ, ಕಾಂಕ್ರೀಟ್ ಬೇಕು. ಇಲ್ಲವೇ ದೂರ ನಿಲ್ಲಬೇಕು. ಅದೂ ಆಗದಿದ್ದರೆ ಬೇಗ ಹೊರಗೆ ಬರಬೇಕು.

ಬೇಗ ಅಂದರೆ ಎಷ್ಟು ಬೇಗ? ಇದನ್ನು ಕಣ್ಣು ಹೇಳೋದಿಲ್ಲ, ಮೂಗು ಹೇಳೋದಿಲ್ಲ, ಚರ್ಮ ಹೇಳೋದಿಲ್ಲ. ಮೀಟರ್ ಒಂದೇ ಹೇಳುವುದು.

ಡೋಸಿಮೀಟರ್‌ನಲ್ಲಿ ಎರಡು ಬಗೆ ಇವೆ. ಒಂದು ಬ್ಯಾಡ್ಜ್. ನಮ್ಮ ದೇಶದಲ್ಲಿ ಟಿಎಲ್‌ಡಿ ಬ್ಯಾಡ್ಜ್ ಅಂತಾರೆ. ಕೈಗಾದಲ್ಲಿ ಕೆಲಸ ಮಾಡಿದವರಿಗೆ, ಆಸ್ಪತ್ರೆಯ ಎಕ್ಸ್‌ರೇ ವಿಭಾಗದವರಿಗೆ ಇದು ಚೆನ್ನಾಗಿ ಗೊತ್ತು. ಅದು ಡೋಸನ್ನು ಒಳಗೆ ಕೂಡಿಟ್ಟುಕೊಳ್ಳುತ್ತದೆ. ಆಮೇಲೆ ಪ್ರಯೋಗಾಲಯದಲ್ಲಿ ಬಿಸಿ ಮಾಡಿದಾಗ ಬೆಳಕು ಸೂಸುತ್ತದೆ, ಆ ಬೆಳಕನ್ನು ಅಳೆದು ಡೋಸ್ ಎಷ್ಟೆಂದು ಲೆಕ್ಕ ಹಾಕುತ್ತಾರೆ. ಕಾನೂನಿನ ದಾಖಲೆಗೆ ಅದು ಸರಿ. ಆದರೆ ಆ ಕ್ಷಣದಲ್ಲಿ ಅದು ಮಾತಾಡೋದಿಲ್ಲ. ಎರಡನೆಯದು ಎಲೆಕ್ಟ್ರಾನಿಕ್ ಮೀಟರ್. ಅದು ಅಲ್ಲಿಯೇ ಅಂಕಿ ತೋರಿಸುತ್ತದೆ, ಇಟ್ಟ ಮಿತಿ ದಾಟಿದರೆ ಕೂಗುತ್ತದೆ.

ಇವನ್ನು ರಕ್ಷಣಾ ಉಡುಪಿನ ಜೊತೆ ಹಾಕಿಕೊಳ್ಳುವುದರಲ್ಲಿ ಒಂದು ಇಕ್ಕಟ್ಟಿದೆ. ಮೀಟರ್ ಹೊರಗಿದ್ದರೆ ಅದಕ್ಕೇ ಕೊಳೆ ಅಂಟುತ್ತದೆ. ಆಗ ಅದು ಮೈಗೆ ಬಿದ್ದ ಡೋಸಿನ ಜೊತೆ ತನಗೆ ಅಂಟಿದ ಕೊಳೆಯ ಲೆಕ್ಕವನ್ನೂ ಸೇರಿಸುತ್ತದೆ. ಅದಕ್ಕೆ ಸಾಮಾನ್ಯವಾಗಿ ಕವರಾಲ್ ಒಳಗೆ, ಎದೆಯ ಜೇಬಿನಲ್ಲಿ ಇಡುತ್ತಾರೆ. ಕೆಲವು ಕಡೆ ತೆಳು ಪಾಲಿಥಿನ್ ಚೀಲದಲ್ಲಿ ಹಾಕಿ ಹೊರಗೆ ಸಿಕ್ಕಿಸುತ್ತಾರೆ. ಒಳಗಿಟ್ಟರೆ ಮೀಟರ್ ಕ್ಷೇಮ. ಆದರೆ ಹಾಕಿಕೊಂಡವನಿಗೆ ಅಂಕಿ ಕಾಣೋದಿಲ್ಲ. ತಲೆ ಮೇಲೆ ಹುಡ್, ಮುಖದ ಮೇಲೆ ಮಾಸ್ಕ್, ಸುತ್ತ ಸದ್ದು. ಉಳಿಯುವುದು ಅಲಾರಂ ಒಂದೇ. ಅಂದರೆ, ಆ ಅಲಾರಂ ಬಿಟ್ಟರೆ ಕೆಲಸಗಾರನಿಗೆ ಬೇರೆ ಯಾವ ಸುದ್ದಿಯೂ ಇಲ್ಲ.

ಆ ಬೆಳಿಗ್ಗೆ

ಮೂರನೇ ಘಟಕದ ಟರ್ಬೈನ್ ಕಟ್ಟಡದಲ್ಲಿ ಕೇಬಲ್ ಎಳೆಯುವ ಕೆಲಸ ಇತ್ತು. ಪಂಪುಗಳಿಗೆ ಮತ್ತೆ ಕರೆಂಟ್ ಕೊಡಬೇಕಿತ್ತು. ಅದಿಲ್ಲದೆ ರಿಯಾಕ್ಟರ್ ತಣಿಸುವುದು ಸಾಧ್ಯವಿರಲಿಲ್ಲ. ಕೆಲಸ ಎಷ್ಟು ತುರ್ತಿನದು ಅನ್ನುವುದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಆ ಗಂಡಸರ ಧೈರ್ಯವನ್ನು, ಶ್ರಮವನ್ನು ಯಾರೂ ಕಡೆಗಣಿಸಬಾರದು.

ಹಿಂದಿನ ದಿನ ಆ ಜಾಗವನ್ನು ನೋಡಿ ಬಂದಿದ್ದರು. ಆಗ ಅಲ್ಲಿ ಹೇಳಿಕೊಳ್ಳುವಷ್ಟು ನೀರಿರಲಿಲ್ಲ, ವಿಕಿರಣದ ಮಟ್ಟವೂ ಕಡಿಮೆ. ಆ ಅಳತೆಯ ಮೇಲೆ ಮರುದಿನದ ಕೆಲಸವನ್ನು ಯೋಜಿಸಿದರು. ಮೀಟರ್ ಅಲಾರಂ ಅನ್ನು 20 ಮಿಲಿಸೀವರ್ಟ್‌ಗೆ ಇಟ್ಟರು. ವಿಕಿರಣ ಅಳೆಯುವ ಸಿಬ್ಬಂದಿ ಯಾರೂ ಜೊತೆಗೆ ಹೋಗಲಿಲ್ಲ.

ಇದು ಮೊದಲ ತಿರುವು. ಹೊಸ ಅಳತೆ ಇಲ್ಲದೆ, ಹಳೆಯ ಅಳತೆಯನ್ನು ನಂಬಿ ಒಳಗೆ ಹೋದರು. ಕಟ್ಟಡದ ಸ್ಥಿತಿ ಗಂಟೆಗಂಟೆಗೆ ಬದಲಾಗುತ್ತಿತ್ತು. ರಿಯಾಕ್ಟರ್‌ಗೆ ಸುರಿದ ನೀರು ಎಲ್ಲಿಂದಲೋ ಸೋರಿ ಟರ್ಬೈನ್ ಕಟ್ಟಡದ ನೆಲಮಾಳಿಗೆ ಸೇರುತ್ತಿತ್ತು. ಕರಗಿದ ಇಂಧನವನ್ನು ಮುಟ್ಟಿ ಬಂದ ನೀರು ಅದು.

ನೆಲಮಾಳಿಗೆಗೆ ಇಳಿದಾಗ ಅಲ್ಲಿ ಸುಮಾರು 15 ಸೆಂಟಿಮೀಟರ್ ನೀರು ನಿಂತಿತ್ತು. ಮೂವರಲ್ಲಿ ಒಬ್ಬರು ಗಂಬೂಟ್ ಹಾಕಿದ್ದರು. ಉಳಿದ ಇಬ್ಬರ ಕಾಲಲ್ಲಿ ಗಿಡ್ಡ ಷೂ. ಮೈಗೆ ಕವರಾಲ್ ಇದೆ, ಮುಖಕ್ಕೆ ಮಾಸ್ಕ್ ಇದೆ, ಕೈಗೆ ಗವಸು ಇದೆ. ಕಾಲಿಗೆ ಮಾತ್ರ ನೀರಿಗೆ ತಕ್ಕ ಏರ್ಪಾಡಿಲ್ಲ. ಯಾಕೆಂದರೆ ಯೋಜನೆಯಲ್ಲಿ ನೀರೇ ಇರಲಿಲ್ಲ.

ಇಲ್ಲಿ ಎರಡನೇ ತಿರುವು. ಅಂದುಕೊಂಡದ್ದು ಒಂದು, ಕಣ್ಣ ಮುಂದೆ ಇರುವುದು ಇನ್ನೊಂದು. ನೀರನ್ನು ನೋಡಿದ ಆ ಕ್ಷಣವೇ ವಾಪಸ್ ಬಂದು, ಅಳತೆ ಮಾಡಿಸಿ, ಬೂಟು ಬದಲಿಸಿ ಹೋಗಬಹುದಿತ್ತು. ಅದೇ ತಂಡದ ಇನ್ನೊಬ್ಬ ಕೆಲಸಗಾರ ನೀರಿಗೆ ಇಳಿಯಲು ಒಪ್ಪಲಿಲ್ಲ. ಆತ 2012ರಲ್ಲಿ ಕಾರ್ಮಿಕ ಕಚೇರಿಗೆ ದೂರು ಕೊಟ್ಟಾಗ ಇನ್ನೊಂದು ಸಂಗತಿಯನ್ನೂ ಹೇಳಿದ. ಅದೇ ಜಾಗಕ್ಕೆ ಬಂದ ಇನ್ನೊಂದು ತಂಡ ವಿಕಿರಣ ಅಳೆದು, ಮಟ್ಟ ಕಂಡು, ಹಿಂದೆ ಹೋಯಿತು ಅಂತ. ಒಂದೇ ನೆಲಮಾಳಿಗೆ, ಒಂದೇ ನೀರು. ಅಳೆಯುವ ಸಾಧನ ಹಿಡಿದವರು ಹೊರಗೆ ಹೋದರು, ಕೇಬಲ್ ಹಿಡಿದವರು ಉಳಿದರು.

ಅಲಾರಂ ಕೂಗಿದ ಮೇಲೆ

ಮೀಟರ್ ಕೂಗಿತು. ಮೀಟರ್ ಕೆಟ್ಟಿರಬೇಕು ಅಂದುಕೊಂಡು ಅವರು ಕೆಲಸ ಮುಂದುವರಿಸಿದರು.

ಆಮೇಲೆ ಸಿಕ್ಕ ಅಳತೆಗಳನ್ನು ಇಟ್ಟುಕೊಂಡು ಒಂದು ಲೆಕ್ಕ ಮಾಡೋಣ. ನೀರಿನ ಮೇಲ್ಮೈಯಲ್ಲಿ ಗಂಟೆಗೆ ಸುಮಾರು 400 ಮಿಲಿಸೀವರ್ಟ್, ಆ ಜಾಗದ ಗಾಳಿಯಲ್ಲಿ ಗಂಟೆಗೆ ಸುಮಾರು 200 ಇತ್ತು. ಗಂಟೆಗೆ 200 ಅಂದರೆ 20 ಮುಟ್ಟಲು ಬೇಕಾದದ್ದು ಆರು ನಿಮಿಷ. 400 ಆದರೆ ಮೂರೇ ನಿಮಿಷ. ಆ ಲೆಕ್ಕದಲ್ಲಿ ಕೆಲಸ ಶುರುವಾಗಿ ಸ್ವಲ್ಪ ಹೊತ್ತಿಗೇ ಅಲಾರಂ ಕೂಗಿರಬೇಕು. ಅವರು ನೀರಿನಲ್ಲಿ ನಿಂತು ಕೆಲಸ ಮಾಡಿದ್ದು ಸುಮಾರು 40ರಿಂದ 50 ನಿಮಿಷ.

ಅಷ್ಟು ಬೇಗ ಕೂಗಿದ್ದೇ ಅನುಮಾನಕ್ಕೆ ಕಾರಣ ಆಗಿರಬಹುದು ಅಂತ ನನಗೆ ಅನಿಸುತ್ತದೆ. ನಿನ್ನೆ ಅಳೆದಾಗ ಕಡಿಮೆ ಇತ್ತು. ಇವತ್ತು ಇಷ್ಟು ಬೇಗ 20 ಆಗೋಕೆ ಹೇಗೆ ಸಾಧ್ಯ? ಮೀಟರೇ ಸರಿ ಇಲ್ಲ ಅಂತ ಮನಸ್ಸು ಹೇಳುತ್ತದೆ. ಸುನಾಮಿಯಲ್ಲಿ ಸಾವಿರಾರು ಮೀಟರ್ ಹಾಳಾದ ಜಾಗ ಅದು, ಹಾಗೆ ಅನಿಸಿದ್ದರಲ್ಲಿ ಆಶ್ಚರ್ಯ ಇಲ್ಲ. ಆದರೆ ಮೂವರ ಬಳಿಯೂ ಮೀಟರ್ ಇತ್ತು. ಒಂದು ಮೀಟರ್ ಸುಳ್ಳು ಹೇಳಬಹುದು. ಮೂರೂ ಒಟ್ಟಿಗೆ ಒಂದೇ ಸುಳ್ಳು ಹೇಳುವುದು ಬಹಳ ಅಪರೂಪ. ಪಕ್ಕದವರ ಮೀಟರ್ ಏನು ಹೇಳುತ್ತಿದೆ ಅಂತ ಕೇಳುವುದು ಇಂಥ ಹೊತ್ತಿನಲ್ಲಿ ಕೈಗೆ ಸಿಗುವ ಅತಿ ಸುಲಭದ ಪರೀಕ್ಷೆ. ಅದನ್ನು ತರಬೇತಿಯಲ್ಲೇ ಕಲಿಸಬೇಕು.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದು. ಅಲಾರಂ ಕೂಗಿದರೆ ಏನು ಮಾಡಬೇಕು ಅನ್ನುವ ತೀರ್ಮಾನವನ್ನು ಅದು ಕೂಗಿದ ಹೊತ್ತಿಗೆ, ನೀರಿನಲ್ಲಿ ನಿಂತ ಕೆಲಸಗಾರನೇ ತೆಗೆದುಕೊಳ್ಳಬೇಕಾಯಿತು. ಅವನ ಪಕ್ಕ ವಿಕಿರಣ ಬಲ್ಲ ಅಧಿಕಾರಿ ಇಲ್ಲ. ಮಾಸ್ಕ್ ಹಾಕಿಕೊಂಡು ಮಾತಾಡುವುದೇ ಕಷ್ಟ. ಅರ್ಧ ಎಳೆದ ಕೇಬಲ್ ಕೈಯಲ್ಲಿದೆ. ಅವನು ಗುತ್ತಿಗೆಯವನು, ಕೆಲಸ ಕೊಟ್ಟವರು ಬೇರೆಯವರು. ಇಂಥ ಜಾಗದಲ್ಲಿ ನಿಂತವನು ಕೆಲಸ ನಿಲ್ಲಿಸುವ ಮಾತಾಡುತ್ತಾನೆ ಅಂತ ನಂಬಿ ಕೂತರೆ ಅದು ಸುರಕ್ಷತೆ ಅನ್ನಿಸಿಕೊಳ್ಳೋದಿಲ್ಲ. "ಅಲಾರಂ ಬಂದರೆ ಯಾರನ್ನೂ ಕೇಳಬೇಡಿ, ಕೈಯಲ್ಲಿರುವುದನ್ನು ಅಲ್ಲೇ ಬಿಟ್ಟು ಬನ್ನಿ, ಮೀಟರ್ ಕೆಟ್ಟಿದೆಯಾ ಇಲ್ಲವಾ ಅಂತ ಹೊರಗೆ ನೋಡೋಣ" ಅಂತ ಬಾಗಿಲಲ್ಲೇ ಹೇಳಿ ಕಳಿಸಿದ್ದರೆ, ಆ ಅನುಮಾನಕ್ಕೆ ಜಾಗವೇ ಇರುತ್ತಿರಲಿಲ್ಲ.

ಮುಂದೇನಾಯಿತು

ಹೊರಗೆ ಬಂದಾಗ ಮೂವರ ಮೀಟರ್ ತೋರಿಸಿದ್ದು 173ರಿಂದ 180 ಮಿಲಿಸೀವರ್ಟ್. ಹಳೆಯ ತುರ್ತು ಮಿತಿ ದಾಟಿತ್ತು, ಹೊಸ ಮಿತಿಯ ಒಳಗಿತ್ತು. ಷೂ ಹಾಕಿದ್ದ ಇಬ್ಬರ ಪಾದಕ್ಕೆ ನೀರು ತಾಗಿತ್ತು. ಕಾಲು ತೊಳೆದರೂ ವಿಕಿರಣದ ಕೊಳೆ ಪೂರ್ತಿ ಹೋಗಲಿಲ್ಲ. ಹೆಚ್ಚು ಆಳಕ್ಕೆ ತೂರದ ಬೀಟಾ ಕಿರಣದಿಂದ ಚರ್ಮ ಸುಟ್ಟಿರಬಹುದು ಅನ್ನುವ ಭಯದಲ್ಲಿ ಅವರನ್ನು ಫುಕುಶಿಮಾದ ವೈದ್ಯಕೀಯ ವಿಶ್ವವಿದ್ಯಾಲಯದ ಆಸ್ಪತ್ರೆಗೆ, ಅಲ್ಲಿಂದ ಚೀಬಾದಲ್ಲಿರುವ ರಾಷ್ಟ್ರೀಯ ವಿಕಿರಣ ವಿಜ್ಞಾನ ಸಂಸ್ಥೆಗೆ ಕರೆದೊಯ್ದರು. ಗಂಬೂಟ್ ಹಾಕಿದ್ದವರ ಕಾಲಿಗೆ ನೀರು ತಾಗಿರಲಿಲ್ಲ.

ಆ ನೀರಿನಲ್ಲಿ ಒಂದು ಘನ ಸೆಂಟಿಮೀಟರ್‌ಗೆ ಸುಮಾರು 39 ಲಕ್ಷ ಬೆಕೆರೆಲ್ (ವಸ್ತು ಎಷ್ಟು ವಿಕಿರಣ ಸೂಸುತ್ತದೆ ಅನ್ನುವುದರ ಏಕಮಾನ) ಇತ್ತು. ಚೆನ್ನಾಗಿ ನಡೆಯುವ ರಿಯಾಕ್ಟರ್‌ನೊಳಗೆ ಹರಿಯುವ ನೀರಿಗೆ ಹೋಲಿಸಿದರೆ ಸುಮಾರು ಹತ್ತು ಸಾವಿರ ಪಟ್ಟು. ಪಾದದ ಚರ್ಮಕ್ಕೆ ಬಿದ್ದ ಡೋಸ್ 2ರಿಂದ 6 ಸೀವರ್ಟ್, ಅಂದರೆ 2,000ರಿಂದ 6,000 ಮಿಲಿಸೀವರ್ಟ್ ಇರಬಹುದು ಅಂತ ಮೊದಲು ಅಂದಾಜಿಸಿದರು. ಮುಂದಿನ ಲೆಕ್ಕಗಳು ಅದಕ್ಕಿಂತ ಬಹಳ ಕಡಿಮೆ ಹೇಳಿದವು. ಇಬ್ಬರೂ ಮಾರ್ಚ್ 28ರಂದು ಆಸ್ಪತ್ರೆಯಿಂದ ಹೊರಗೆ ಬಂದರು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಪಾದಕ್ಕೆ ಎಷ್ಟು ಬಿತ್ತು ಅನ್ನುವುದನ್ನು ಯಾಕೆ ಅಂದಾಜು ಮಾಡಬೇಕಾಯಿತು? ಮೀಟರ್ ಎದೆಯ ಮೇಲಿತ್ತು, ಅಪಾಯ ಕಾಲ ಬುಡದಲ್ಲಿತ್ತು. ಎದೆಯ ಮೀಟರ್ ಇಡೀ ಮೈಗೆ ಬಿದ್ದ ಗಾಮಾವನ್ನು ಚೆನ್ನಾಗಿ ಹೇಳುತ್ತದೆ. ಷೂ ಒಳಗೆ ಸೇರಿ ಚರ್ಮಕ್ಕೆ ಅಂಟಿದ ನೀರಿನ ಬೀಟಾ ಕಿರಣ ಅದನ್ನು ಮುಟ್ಟೋದೇ ಇಲ್ಲ. ಕೈ ಬಳಸುವ ಕೆಲಸಕ್ಕೆ ಉಂಗುರದ ಹಾಗೆ ಬೆರಳಿಗೆ ಹಾಕುವ ಡೋಸಿಮೀಟರ್ ಇದೆ. ನೆಲದಲ್ಲಿ ಕೊಳೆ ಇರುವ ಜಾಗಕ್ಕೆ ಕಣಕಾಲಿಗೂ ಒಂದು ಕಟ್ಟಬಹುದು. ಮೀಟರ್ ಎಲ್ಲಿ ಹಾಕಬೇಕು ಅನ್ನುವುದು ವಿಕಿರಣ ಯಾವ ಕಡೆಯಿಂದ ಬರುತ್ತದೆ ಅನ್ನುವುದರ ಮೇಲೆ ನಿಂತಿದೆ. ಅದು ಗೊತ್ತಾಗಬೇಕಾದರೆ ಮೊದಲು ಜಾಗವನ್ನು ಅಳೆಯಬೇಕು. ಮತ್ತೆ ಮೊದಲ ತಿರುವಿಗೇ ಬಂದೆವು.

ಇದಾದ ಮೇಲೆ ಸ್ಥಾವರ ನಡೆಸುವ ಕಂಪನಿ ಇನ್ನೊಂದು ವಿಷಯ ಒಪ್ಪಿಕೊಂಡಿತು. ಮಾರ್ಚ್ 18ರಂದೇ, ಅಂದರೆ ಆರು ದಿನ ಮುಂಚೆ, ಒಂದನೇ ಘಟಕದ ಟರ್ಬೈನ್ ಕಟ್ಟಡದಲ್ಲಿ ಗಂಟೆಗೆ 200 ಮಿಲಿಸೀವರ್ಟ್ ಇರುವ ನೀರು ಕಂಡಿತ್ತು. ಆ ಸುದ್ದಿ ಮೂರನೇ ಘಟಕಕ್ಕೆ ಹೋಗುವವರ ಕಿವಿಗೆ ಬೀಳಲಿಲ್ಲ. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಅತಿ ನೋವಿನ ಸಂಗತಿ ಇದೇ. ಒಂದು ಕಟ್ಟಡದಲ್ಲಿ ಅಂಥ ನೀರು ಇದ್ದರೆ ಪಕ್ಕದ ಕಟ್ಟಡದಲ್ಲೂ ಇರಬಹುದು ಅಂತ ಊಹಿಸಲು ದೊಡ್ಡ ವಿದ್ಯೆ ಬೇಡ. ಅದನ್ನು ಒಂದು ವಾಕ್ಯದಲ್ಲಿ ಹೇಳಿದ್ದರೂ ಆ ಇಬ್ಬರು ಷೂ ಹಾಕಿಕೊಂಡು ಇಳಿಯುತ್ತಿರಲಿಲ್ಲ. ವಿಕಿರಣದ ನಿರ್ವಹಣೆ ಸರಿಪಡಿಸಿ ಅಂತ ಸರ್ಕಾರದ ನಿಯಂತ್ರಣ ಸಂಸ್ಥೆ ಕಂಪನಿಗೆ ಸೂಚಿಸಿತು. ಮಾರ್ಚ್ 27ರಂದು ಎರಡನೇ ಘಟಕದ ಟರ್ಬೈನ್ ಕಟ್ಟಡದ ನೀರಿನ ಮೇಲೆ ಗಂಟೆಗೆ 1,000 ಮಿಲಿಸೀವರ್ಟ್‌ಗೂ ಜಾಸ್ತಿ ಕಂಡುಬಂತು.

ಮೀಟರ್ ಕಾಣದ್ದು

ಈ ಪ್ರಕರಣದಲ್ಲಿ ಮೀಟರ್ ಹೇಳಿದ್ದನ್ನು ಕೇಳಲಿಲ್ಲ. ಅದೇ ಸ್ಥಾವರದಲ್ಲಿ ಮೀಟರ್ ಹೇಳಲಾರದ ಅಪಾಯವೂ ಇತ್ತು. ಅಪಘಾತದ ಮೊದಲ ದಿನಗಳಲ್ಲಿ ನಿಯಂತ್ರಣ ಕೊಠಡಿಯಲ್ಲಿ, ಅದರ ಸುತ್ತಮುತ್ತ ಕೆಲಸ ಮಾಡಿದವರಲ್ಲಿ ಆರು ಮಂದಿ 250 ಮಿಲಿಸೀವರ್ಟ್ ದಾಟಿದರು. ಅತಿ ಹೆಚ್ಚು ಪಡೆದವರ ಲೆಕ್ಕ ಸುಮಾರು 678. ಅದರಲ್ಲಿ ಸುಮಾರು 590 ಒಳಗಿನದು, ಅಂದರೆ ಉಸಿರಿನ ಜೊತೆ ದೇಹಕ್ಕೆ ಹೋದ, ವಿಕಿರಣ ಸೂಸುವ ಅಯೋಡಿನ್‌ನಿಂದ ಬಂದದ್ದು. ಎದೆಯ ಮೇಲಿನ ಯಾವ ಮೀಟರೂ ಅದನ್ನು ತೋರಿಸೋದಿಲ್ಲ. ಅಲ್ಲಿ ಕೈಕೊಟ್ಟದ್ದು ಮಾಸ್ಕ್. ಸರಿಯಾದ ಫಿಲ್ಟರ್ ಸರಿಯಾದ ಹೊತ್ತಿಗೆ ಇರಲಿಲ್ಲ. ಕನ್ನಡಕದ ಕಡ್ಡಿ ಹಾದುಹೋಗುವ ಕಡೆ ಮಾಸ್ಕ್ ಮುಖಕ್ಕೆ ಕೂರಲಿಲ್ಲ.

ನಮ್ಮ ಕಾರವಾರದ ಹತ್ತಿರದ ಕೈಗಾದಲ್ಲಿ 2009ರ ನವೆಂಬರ್‌ನಲ್ಲಿ ನಡೆದದ್ದು ನೆನಪಿರಬಹುದು. ಕುಡಿಯುವ ನೀರಿನ ಕೂಲರ್‌ನಲ್ಲಿ ಟ್ರಿಟಿಯಂ (ವಿಕಿರಣ ಸೂಸುವ ಒಂದು ಬಗೆಯ ಹೈಡ್ರೋಜನ್) ಇರುವ, ರಿಯಾಕ್ಟರ್‌ನಲ್ಲಿ ಬಳಸುವ ಭಾರಜಲ ಸೇರಿ, ಐವತ್ತಕ್ಕೂ ಹೆಚ್ಚು ಕೆಲಸಗಾರರ ದೇಹಕ್ಕೆ ಅದು ಹೋಗಿತ್ತು. ಟ್ರಿಟಿಯಂ ಸೂಸುವ ಬೀಟಾ ಎಷ್ಟು ದುರ್ಬಲ ಅಂದರೆ ಚರ್ಮದ ಮೇಲಿನ ಸತ್ತ ಪದರವನ್ನೂ ದಾಟೋದಿಲ್ಲ. ದೇಹದ ಒಳಗಿನ ಟ್ರಿಟಿಯಂ ಬಗ್ಗೆ ಎದೆಯ ಟಿಎಲ್‌ಡಿಗೆ ಏನೂ ಗೊತ್ತಾಗೋದಿಲ್ಲ. ಅದು ಬಯಲಾದದ್ದು ಮಾಮೂಲಿ ಮೂತ್ರ ಪರೀಕ್ಷೆಯಲ್ಲಿ. ಎರಡು ಘಟನೆಗಳ ಕಾರಣ ಬೇರೆ ಬೇರೆ. ಆದರೆ ಬ್ಯಾಡ್ಜ್ ಶೂನ್ಯ ತೋರಿಸಿತು ಅಂದ ಮಾತ್ರಕ್ಕೆ ಡೋಸ್ ಶೂನ್ಯ ಅಲ್ಲ ಅನ್ನುವುದು ಎರಡೂ ಕಡೆ ಒಂದೇ.

ಸೀಸದ ತಗಡು, ಪಾರದರ್ಶಕ ಎದೆ

ಮಾರ್ಚ್ 24ರ ಪ್ರಕರಣವನ್ನು ಅಲ್ಲಿಗೇ ಮುಗಿಸಿದರೆ ಅರ್ಧ ಹೇಳಿದ ಹಾಗಾಗುತ್ತದೆ. ಅದೇ ವರ್ಷದ ಡಿಸೆಂಬರ್‌ನಲ್ಲಿ, ಅದೇ ಸ್ಥಾವರದಲ್ಲಿ, ಒಂದು ಉಪಗುತ್ತಿಗೆ ಸಂಸ್ಥೆಯ ಹಿರಿಯರೊಬ್ಬರು ಕೆಲಸಗಾರರ ಡೋಸಿಮೀಟರ್‌ಗೆ ಸೀಸದ ಮುಚ್ಚಳ ಮಾಡಿಸಿ ಹಾಕಿಸಿದರು. 2012ರ ಜುಲೈನಲ್ಲಿ ಇದು ಪತ್ರಿಕೆಯಲ್ಲಿ ಬಂತು. ತೆಳು ಸೀಸ ಗಾಮಾವನ್ನು ಪೂರ್ತಿ ನಿಲ್ಲಿಸೋದಿಲ್ಲ, ಆದರೆ ಅಂಕಿ ಕೆಳಗೆ ಬರುತ್ತದೆ. ವರ್ಷಕ್ಕೆ 50 ಮಿಲಿಸೀವರ್ಟ್ ದಾಟಿದರೆ ಆ ವರ್ಷ ಮತ್ತೆ ಅಲ್ಲಿ ಕೆಲಸ ಇಲ್ಲ. ಅಂಕಿ ಇಳಿದರೆ ಕೆಲಸ ಉಳಿಯುತ್ತದೆ. ಕೆಲವರು ಬೇಡ ಅಂದರು, ಕೆಲವರು ಹಾಕಿಕೊಂಡರು.

ಮೊದಲ ಪ್ರಕರಣದಲ್ಲಿ ಅಲಾರಂ ಕೇಳಿಸಿದರೂ ನಂಬಲಿಲ್ಲ. ಎರಡನೆಯದರಲ್ಲಿ ಅಂಕಿಯನ್ನು ನಂಬಿದ್ದಕ್ಕೇ ಅದನ್ನು ಮುಚ್ಚಿದರು. ಮೀಟರ್ ಮೇಲಿನ ಅಂಕಿ ಕೆಲಸಗಾರನ ಕೂಲಿಗೆ ಕತ್ತರಿಯಾದರೆ ಅವನು ಆ ಅಂಕಿಯನ್ನು ಶತ್ರು ಅಂತಲೇ ನೋಡುತ್ತಾನೆ. ಡೋಸ್ ಮಿತಿ ತಲುಪಿದವನಿಗೆ ವಿಕಿರಣ ಇಲ್ಲದ ಕಡೆ ಅದೇ ಸಂಬಳದ ಕೆಲಸ ಸಿಗುತ್ತದೆ ಅನ್ನುವ ಭರವಸೆ ಇದ್ದರೆ ಸೀಸದ ತಗಡಿನ ಯೋಚನೆಯೇ ಬರುವುದಿಲ್ಲ. ಸುರಕ್ಷತೆಯ ತರಬೇತಿಯಲ್ಲಿ ಈ ಹಣದ ಮಾತು ಬರುವುದು ಕಡಿಮೆ. ಬರಲೇಬೇಕು.

ಇದಾದ ಮೇಲೆ ಫುಕುಶಿಮಾದಲ್ಲಿ ಉಡುಪನ್ನೇ ಬದಲಿಸಿದರು. ಎದೆಯ ಭಾಗ ಪಾರದರ್ಶಕ ಆಗಿರುವ ಕವರಾಲ್ ತಂದರು. ಮೀಟರ್ ಒಳಗೇ ಇರುತ್ತದೆ, ಕೊಳೆ ಅಂಟೋದಿಲ್ಲ. ಹಾಕಿದ್ದಾರಾ, ಏನಾದರೂ ಮುಚ್ಚಿದ್ದಾರಾ ಅಂತ ಹೊರಗಿನಿಂದ ಯಾರು ಬೇಕಾದರೂ ನೋಡಬಹುದು. ಒಳಗೋ ಹೊರಗೋ ಅನ್ನುವ ಹಳೆಯ ಇಕ್ಕಟ್ಟಿಗೆ ಇದು ಒಳ್ಳೆಯ ಉತ್ತರ. ಆದರೆ ಮಾರ್ಚ್ 24ರ ನೆಲಮಾಳಿಗೆಗೆ ಇದೊಂದೇ ಸಾಕಾಗುತ್ತಿರಲಿಲ್ಲ. ಅಲ್ಲಿ ಬೇಕಿದ್ದದ್ದು ಆ ಬೆಳಗಿನ ಹೊಸ ಅಳತೆ, ಒಂದನೇ ಘಟಕದ ಸುದ್ದಿ, ಎರಡು ಜೊತೆ ಗಂಬೂಟ್, ಮತ್ತು ಅಲಾರಂ ಕೂಗಿದ ಕೂಡಲೇ "ಬನ್ನಿ ಹೊರಗೆ" ಅನ್ನುವ ಅಧಿಕಾರ ಇರುವ ಒಬ್ಬ ಮನುಷ್ಯ.